ಹಾಡು ಕೆಟ್ಟಿತೋ, ಕಿವಿ ಬದಲಾಯಿತೋ?

ಪ್ರಶ್ನೆ: ನನಗೆ ಐವತ್ತು ದಾಟಿದೆ. 1988ರಲ್ಲಿ ಕಾಲೇಜು ಸೇರಿದಾಗಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರತಿ ಡಿಸೆಂಬರ್‌ನಲ್ಲಿ ಆ ವರ್ಷ ಬಂದ ಹಾಡುಗಳಲ್ಲಿ ನನಗೆ ಹಿಡಿಸಿದ ಹತ್ತನ್ನು ಆರಿಸಿ ಒಂದೆಡೆ ಸೇರಿಸಿಡುವುದು. ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ., ಈಗ ಫೋನಿನಲ್ಲಿ. ಆಗೆಲ್ಲ ಹತ್ತಕ್ಕೆ ಇಳಿಸುವುದೇ ಕಷ್ಟವಾಗುತ್ತಿತ್ತು. ಕಳೆದ ವರ್ಷ ನಾಲ್ಕಕ್ಕೆ ನಿಂತುಹೋಯಿತು. ಎಲ್ಲ ಹಾಡೂ ಒಂದೇ ಥರ ಕೇಳಿಸುತ್ತವೆ. ಪೀಠಿಕೆಯಿಲ್ಲದೆ ಪಲ್ಲವಿ ಬಂದುಬಿಡುತ್ತದೆ, ಕೇಳಲು ಕೂರುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಸಾಹಿತ್ಯ ಅರ್ಧಕ್ಕರ್ಧ ತಿಳಿಯುವುದಿಲ್ಲ. ಹದಿನಾರರ ಮಗಳು ಇಡೀ ದಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನ್ನೇ ಕೇಳುತ್ತಾಳೆ, "ಅಪ್ಪಾ, ನಿನಗೆ ವಯಸ್ಸಾಯ್ತು" ಎನ್ನುತ್ತಾಳೆ. ವಿಚಿತ್ರವೆಂದರೆ ನನ್ನ ಹಳೆಯ ಪಟ್ಟಿಯ ಹಾಡುಗಳನ್ನೂ ಅವಳೇ ಗುನುಗುತ್ತಾಳೆ. ಹಾಡುಗಳು ವರ್ಷದಿಂದ ವರ್ಷಕ್ಕೆ ಕಳಪೆಯಾಗುತ್ತಿವೆ ಎಂದು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರಂತೆ, ನಿಜವೇ? ಒಂದು ವರ್ಷದ ಹಾಡಿಗೂ ಮುಂದಿನ ವರ್ಷದ ಹಾಡಿಗೂ ವ್ಯತ್ಯಾಸ ತರುವುದು ಯಾವುದು? ಪಟ್ಟಿ ನಿಲ್ಲಿಸಿಬಿಡಲೇ? ಮಗಳ ಕಿವಿಯ ಬಗ್ಗೆಯೂ ಭಯವಿದೆ.

ಉತ್ತರ: "ಹಾಡು ಕೆಟ್ಟಿತು" ಎಂಬ ಒಂದು ದೂರಿನೊಳಗೆ ನೀವು ಹಲವು ದೂರುಗಳನ್ನು ಸೇರಿಸಿಬಿಟ್ಟಿದ್ದೀರಿ. ಎಲ್ಲವೂ ಒಂದೇ ಥರ, ಗಿಡ್ಡ, ಪೀಠಿಕೆಯಿಲ್ಲ, ಮಾತು ಕೇಳಿಸದು, ಮನಸ್ಸಿಗೆ ನಾಟದು. ಇವುಗಳಲ್ಲಿ ಕೆಲವು ಹಾಡಿನಲ್ಲೇ ಆಗಿರುವ ಬದಲಾವಣೆ, ಅಳೆದು ತೋರಿಸಬಹುದು. ಕೆಲವು ನಿಮ್ಮಲ್ಲಿ ಆಗಿರುವುದು. ಒಂದಂತೂ ನೀವು ಪಟ್ಟಿ ಮಾಡುವ ಕ್ರಮದಿಂದಲೇ ಹುಟ್ಟಿದ್ದು. ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಿದಾಗ ಸಂಗೀತದ ಮೇಲೇ ಬೇಸರ ಬರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಪಟ್ಟಿ ಮಾಡಿದ ಮನುಷ್ಯನಿಗೆ ಆ ಬೇಸರ ಬರಬಾರದು. ಧ್ವನಿಮುದ್ರಣ ಮತ್ತು ಮಿಕ್ಸಿಂಗ್ (ಬೇರೆ ಬೇರೆಯಾಗಿ ಮುದ್ರಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) ನನ್ನ ಕಸುಬು. ಟೇಪಿನ ಕಾಲದಿಂದ ಕಂಪ್ಯೂಟರಿನ ಕಾಲದವರೆಗೆ ಸ್ಟುಡಿಯೋದ ಒಳಗೆ ಕೂತು ನೋಡಿದ್ದರಿಂದ, ಅಲ್ಲಿಂದ ಕಾಣುವ ಹಾಗೆ ಹೇಳುತ್ತೇನೆ.

ಮೊದಲು ಆ "ಸಾಬೀತು". ನೀವು ಓದಿದ ಸುದ್ದಿಯ ಮೂಲ ಬಹುಶಃ 2012ರಲ್ಲಿ ಸ್ಪೇನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ. 1955ರಿಂದ 2010ರವರೆಗಿನ 4,64,411 ಧ್ವನಿಮುದ್ರಿಕೆಗಳನ್ನು ಅವರು ಕಂಪ್ಯೂಟರಿನಲ್ಲಿ ವಿಶ್ಲೇಷಿಸಿದರು. ಕಂಡದ್ದು ಮೂರು ಸಂಗತಿ: ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳು ಕಡಿಮೆಯಾಗಿವೆ, ನಾದದ ಬಣ್ಣಗಳಲ್ಲಿ ವೈವಿಧ್ಯ ಕುಗ್ಗಿದೆ, ಒಟ್ಟು ಧ್ವನಿಮಟ್ಟ ಏರಿದೆ. ಹಾಡು ಕಳಪೆಯಾಗಿದೆ ಎಂಬ ತೀರ್ಪು ಆ ಅಳತೆಗಳೊಳಗೆ ಇಲ್ಲ, ಅದನ್ನು ಸೇರಿಸಿದ್ದು ಸುದ್ದಿಯ ತಲೆಬರಹಗಳು. ಮೂರು ವರ್ಷದ ನಂತರ, 2015ರಲ್ಲಿ, ಲಂಡನ್ನಿನ ಸಂಶೋಧಕರು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಎಂಬ ಜನಪ್ರಿಯ ಹಾಡುಗಳ ವಾರದ ಪಟ್ಟಿಯಲ್ಲಿ 1960ರಿಂದ 2010ರವರೆಗೆ ಕಾಣಿಸಿಕೊಂಡ ಸುಮಾರು 17,000 ಹಾಡುಗಳನ್ನು ಬೇರೆ ವಿಧಾನದಲ್ಲಿ ಅಳೆದರು. ಹಾಡುಗಳು ಸತತವಾಗಿ ಏಕರೂಪವಾಗುತ್ತಿವೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಬದಲಾವಣೆ ವರ್ಷಕ್ಕಿಷ್ಟು ಎಂಬಂತೆ ಸಮವಾಗಿ ನಡೆಯುವುದಿಲ್ಲ ಎಂಬುದು ಅವರ ಮುಖ್ಯ ಶೋಧ. ಬಹಳ ವರ್ಷ ಎಲ್ಲವೂ ನಿಧಾನವಾಗಿ ಸಾಗಿ, 1964, 1983 ಮತ್ತು 1991ರ ಸುಮಾರಿಗೆ ಮೂರು ಸಲ ದೊಡ್ಡ ಜಿಗಿತ ಆಗಿದೆ. ಮೂರರಲ್ಲಿ 1991ರದೇ ದೊಡ್ಡದು.

ಇನ್ನೊಂದು ಸಂಗತಿಯೂ ಅವರ ಲೆಕ್ಕದಲ್ಲಿದೆ, ನಿಮಗೆ ಅಚ್ಚರಿಯಾಗಬಹುದು. ಆ ಐವತ್ತು ವರ್ಷಗಳಲ್ಲಿ ವೈವಿಧ್ಯ ಅತಿ ಕಡಿಮೆ ಇದ್ದದ್ದು 1986ರ ಹತ್ತಿರ. ನೀವು ಪಟ್ಟಿ ಶುರು ಮಾಡುವುದಕ್ಕೆ ಎರಡೇ ವರ್ಷ ಮೊದಲು. ಇದು ಅಮೆರಿಕದ ಪಟ್ಟಿಯ ಲೆಕ್ಕ, ಪ್ರತಿ ಭಾಷೆಯ ಹಾಡಿಗೂ ಹಾಗೇ ಅಂಟಿಸಬಾರದು. ಆದರೆ ಸ್ಟುಡಿಯೋಗಳೊಳಗೆ ಕೂತ ಯಂತ್ರಗಳು ಎಲ್ಲ ಕಡೆಯೂ ಅವೇ ಆಗಿದ್ದವು, ಆದ್ದರಿಂದ ಪೂರ್ತಿ ಪಕ್ಕಕ್ಕಿಡುವ ಹಾಗೂ ಇಲ್ಲ.

ಹಾಗಾದರೆ ಆ ಕಾಲದ ಹಾಡುಗಳು ನಿಮಗೆ ಇಷ್ಟು ಬಗೆಬಗೆಯಾಗಿ ಯಾಕೆ ನೆನಪಿವೆ? ನಿಮ್ಮ ಬಳಿ ಉಳಿದಿರುವುದು ಜರಡಿ ಹಿಡಿದ ಮೇಲೆ ಉಳಿದ ಹತ್ತು. ಈ ವರ್ಷದ್ದು ಮಾತ್ರ ಜರಡಿಗೆ ಹಾಕುವ ಮುಂಚಿನ ರಾಶಿ. ಎರಡನ್ನೂ ಎದುರುಬದುರು ಇಟ್ಟರೆ ಹಳೆಯದೇ ಗೆಲ್ಲುತ್ತದೆ, ಯಾವ ದಶಕದಲ್ಲಿ ಇಟ್ಟರೂ ಗೆಲ್ಲುತ್ತದೆ. 1969ನ್ನೇ ನೋಡಿ. ವುಡ್‌ಸ್ಟಾಕ್ ಉತ್ಸವ ನಡೆದ ವರ್ಷ, ರಾಕ್ ಸಂಗೀತದ ಸುವರ್ಣ ವರ್ಷವೆಂದು ಇವತ್ತಿಗೂ ಕೊಂಡಾಡುತ್ತಾರೆ. ಆ ವರ್ಷದ ಬಿಲ್‌ಬೋರ್ಡ್ ವಾರ್ಷಿಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಒಂದು ಕಾರ್ಟೂನ್ ಸರಣಿಯ ಪಾತ್ರಗಳ ಹೆಸರಿನಲ್ಲಿ ಹೊರಬಂದ, ಮಕ್ಕಳಿಗೆ ಹಿಡಿಸುವಂಥ ಹಾಡು. ಅದು ಕೆಟ್ಟ ಹಾಡೇನೂ ಅಲ್ಲ. ನೆನಪಿನಲ್ಲಿ ಉಳಿದ ವರ್ಷವೂ ಬದುಕಿದ ವರ್ಷವೂ ಬೇರೆ ಎಂದು ತೋರಿಸಲು ಹೇಳಿದೆ. ನಂಬಿಕೆ ಬರದಿದ್ದರೆ 1988ರ ಯಾವುದಾದರೂ ಜನಪ್ರಿಯ ಹಾಡುಗಳ ಪೂರ್ತಿ ಪಟ್ಟಿ ಹುಡುಕಿ, ಒಂದನ್ನೂ ಬಿಡದೆ ಮೇಲಿನಿಂದ ಕೆಳಗೆ ಕೇಳಿ. ನಡುವೆ ಮುಂದಿನದಕ್ಕೆ ಹಾರಬೇಕು ಎನಿಸಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹಾಡನ್ನು ಬದಲಾಯಿಸುವುದು ಯಾವುದು. ರಾಗಸಂಯೋಜಕರ ಮನಸ್ಸು ವರ್ಷಕ್ಕೊಮ್ಮೆ ಬದಲಾಗುತ್ತದೆ ಎಂದುಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಮನಸ್ಸಿಗಿಂತ ಮೊದಲು ಬದಲಾಗುವುದು ಉಪಕರಣ. ಗೊತ್ತಿಲ್ಲದ ಹಾಡೊಂದನ್ನು ಹಾಕಿ ಯಾವ ಕಾಲದ್ದು ಎಂದು ಕೇಳಿದರೆ ನಮ್ಮ ಕಸುಬಿನವರು ರಾಗವನ್ನು ನೋಡುವುದಿಲ್ಲ, ತಾಳಕ್ಕೆ ಚುರುಕಾಗಿ ಟಪ್ ಎನ್ನುವ ಸ್ನೇರ್ ಡ್ರಮ್ಮಿನ ಏಟನ್ನು ಕೇಳುತ್ತಾರೆ. 1979ರಲ್ಲಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಅವರ ಆಲ್ಬಮ್ಮಿಗೆ ಫಿಲ್ ಕಾಲಿನ್ಸ್ ಡ್ರಮ್ ನುಡಿಸುತ್ತಿದ್ದರು, ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್. ವಾದಕರ ಮಾತು ಕೇಳಿಸಿಕೊಳ್ಳಲೆಂದು ಕೋಣೆಯಲ್ಲಿ ಇಟ್ಟಿದ್ದ ಮೈಕಿನ ಮೂಲಕ ಡ್ರಮ್ಮಿನ ಸದ್ದು ಹಾದುಬಂದಾಗ, ಆ ಮೈಕಿಗೆ ಜೋಡಿಸಿದ್ದ ಕಂಪ್ರೆಸರ್, ಅಂದರೆ ಜೋರುದನಿ ಮೆಲುದನಿಗಳ ಅಂತರ ತಗ್ಗಿಸುವ ಸಾಧನ, ಅದನ್ನು ಹಿಂಡಿ ಭಾರಿಯಾಗಿ ಉಬ್ಬಿಸಿತು. ಅದಕ್ಕೆ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದೊಡನೆ ಅದನ್ನು ಮುಚ್ಚಿಬಿಡುವ ಸಾಧನ) ಸೇರಿಸಿದರೆ ಸದ್ದು ದೊಡ್ಡದಾಗಿ ಅರಳಿ ಥಟ್ಟನೆ ನಿಂತುಬಿಡುತ್ತಿತ್ತು. ನಿಜವಾದ ಯಾವ ಕೋಣೆಯಲ್ಲೂ ಸದ್ದು ಹಾಗೆ ನಿಲ್ಲುವುದಿಲ್ಲ. ಕೆಲವೇ ವರ್ಷಗಳಲ್ಲಿ ಜಗತ್ತಿನ ಸ್ಟುಡಿಯೋಗಳೆಲ್ಲ ಅದನ್ನು ಬೇಡತೊಡಗಿದವು, ಅದೇ ಸದ್ದನ್ನು ಗುಂಡಿ ಒತ್ತಿ ಕೊಡುವ ಯಂತ್ರಗಳೂ ಬಂದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಹಳತಾಗಿ, ತೊಂಬತ್ತರ ದಶಕದಲ್ಲಿ ಒಣಗಿದ, ಹತ್ತಿರದಲ್ಲೇ ಬಡಿದಂತಿರುವ ಡ್ರಮ್ಮಿಗೆ ಬೇಡಿಕೆ ಬಂತು. ರಾಗ, ತಾಳ, ಸಾಹಿತ್ಯ ಏನೇ ಇರಲಿ, ಹಾಡಿನ ಮೈಮೇಲೆ ಹುಟ್ಟಿದ ವರ್ಷದ ಮುದ್ರೆ ಬೀಳುವುದು ಹೀಗೆ.

ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್‌ಗಳದೂ ಇದೇ ಕಥೆ. 1983ರಲ್ಲಿ ಯಮಹಾ ಡಿಎಕ್ಸ್7 ಬಂತು. ಅದರೊಳಗೆ ಹೊಸ ನಾದ ಕಟ್ಟುವುದು ಬಹಳ ತೊಡಕಿನ ಕೆಲಸ. ಆದ್ದರಿಂದ ಹೆಚ್ಚಿನವರು ಕಂಪನಿ ತುಂಬಿ ಕೊಟ್ಟ ನಾದಗಳನ್ನೇ ಬಳಸಿದರು. ಆ ದಶಕದ ಮಧುರಗೀತೆಗಳಲ್ಲಿ ಗಾಜಿನ ಗಂಟೆಯಂತೆ ಹೊಳೆಯುವ ಎಲೆಕ್ಟ್ರಿಕ್ ಪಿಯಾನೋ ಪದೇ ಪದೇ ಕೇಳಿಸುವುದು ಅದಕ್ಕೇ. 1986ರ ಹತ್ತಿರ ವೈವಿಧ್ಯ ಕುಸಿದಿತ್ತು ಎಂಬ ಲೆಕ್ಕ ಬಂದಾಗ ನಮ್ಮಂಥವರಿಗೆ ಆಶ್ಚರ್ಯ ಆಗಲಿಲ್ಲ. ಡಿಎಕ್ಸ್7, ಡ್ರಮ್ ಮಷಿನ್, ಇವನ್ನು ಒಂದಕ್ಕೊಂದು ಬೆಸೆಯುವ ಮಿಡಿ ಪದ್ಧತಿ, ಎಲ್ಲವೂ ಮೂರು ನಾಲ್ಕು ವರ್ಷದೊಳಗೆ ಎಲ್ಲರ ಕೈಗೆ ಬಂದಿದ್ದವು. ಯಂತ್ರ ಹೊಸದಿರುವಾಗ ಎಲ್ಲರೂ ಅದರ ಒಂದೇ ಗುಂಡಿ ಒತ್ತುತ್ತಾರೆ. ಹಳತಾದ ಮೇಲೆ ಯಾರೋ ಒಬ್ಬರು ಅದನ್ನು ತಪ್ಪಾಗಿ ಬಳಸಿ ಹೊಸದೊಂದು ದಾರಿ ತೆರೆಯುತ್ತಾರೆ. ರೋಲಂಡ್ ಟಿಆರ್-808 ಡ್ರಮ್ ಮಷಿನ್ 1980ರಲ್ಲಿ ಬಂದು, ನಿಜವಾದ ಡ್ರಮ್ಮಿನಂತಿಲ್ಲ ಎನಿಸಿಕೊಂಡು, ಸುಮಾರು 12,000 ಮಾತ್ರ ತಯಾರಾಗಿ ನಿಂತುಹೋಯಿತು. ಅಗ್ಗದ ಸೆಕೆಂಡ್‌ಹ್ಯಾಂಡ್ ಸರಕಾಗಿ ಹಿಪ್‌ಹಾಪ್ ಹುಡುಗರ ಕೈಗೆ ಸಿಕ್ಕಿದ ಮೇಲೆ ಅದರ ಆಳವಾದ ಬಾಸ್ ಸದ್ದು ಇವತ್ತಿನವರೆಗೂ ಹಾಡುಗಳನ್ನು ಆಳುತ್ತಿದೆ. ನಿಮ್ಮ ಮಗಳ ಹಾಡುಗಳಲ್ಲಿ ಎದೆಗೆ ಬಡಿಯುವ ಆ ದೀರ್ಘ "ಧೂಂ" ನಿಮ್ಮ ಕಾಲೇಜಿಗಿಂತ ಹಳೆಯದು.

ನೀವು "ಒಂದೇ ಥರ" ಎಂದದ್ದರಲ್ಲಿ ನಿಜಾಂಶವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 1997ರಲ್ಲಿ ಆಟೋ-ಟ್ಯೂನ್ ಬಂತು. ತೈಲ ಹುಡುಕುವ ಉದ್ಯಮಕ್ಕಾಗಿ ಭೂಗರ್ಭದ ಕಂಪನಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಅದೇ ಗಣಿತವನ್ನು ಗಾಯನದ ಶ್ರುತಿ ತಿದ್ದಲು ತಿರುಗಿಸಿದರು. ತಪ್ಪು ಮುಚ್ಚಲು ಬಂದದ್ದು ಬರಬರುತ್ತ ಎಲ್ಲ ದನಿಗೂ ಬಳಿಯುವ ಬಣ್ಣವಾಯಿತು. ಇದರ ಜತೆಗೆ ತಾಳವನ್ನು ಕಂಪ್ಯೂಟರಿನ ಗೆರೆಗಳಿಗೆ ಕೂರಿಸುವ ರೂಢಿ ಬಂತು. ಹಿಂದೆ ವಾದಕರೆಲ್ಲ ಒಟ್ಟಿಗೆ ಕೂತು ನುಡಿಸಿದಾಗ ಪಲ್ಲವಿ ಹತ್ತಿರವಾಗುತ್ತಿದ್ದಂತೆ ಲಯ ಕೂದಲೆಳೆಯಷ್ಟು ಚುರುಕಾಗುತ್ತಿತ್ತು, ಚರಣಕ್ಕೆ ಇಳಿದಾಗ ಸ್ವಲ್ಪ ಉಸಿರು ಬಿಡುತ್ತಿತ್ತು. ಈಗ ಮೊದಲ ಏಟಿನಿಂದ ಕೊನೆಯ ಏಟಿನವರೆಗೆ ಅಂತರ ಒಂದೇ. ಸ್ವರಕ್ಕೆ ಸ್ವಲ್ಪ ಕೆಳಗಿನಿಂದ ಜಾರಿ ಸೇರುವ ಗಾಯಕಿಯ ಆ ಅರೆಕ್ಷಣವನ್ನು ನೇರ ಮಾಡಿ ಕೊಡಿ ಎಂದು ಕೇಳುತ್ತಾರೆ. ಎಷ್ಟೋ ಸಲ ಬೇಡವೆಂದು ವಾದಿಸಿದ್ದೇನೆ, ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ಇದು ನಿಜವಾದ ನಷ್ಟವೆಂದೇ ನನ್ನ ತೀರ್ಮಾನ. ಒಬ್ಬರ ದನಿಯನ್ನು ಇನ್ನೊಬ್ಬರದರಿಂದ ಬೇರೆ ಮಾಡುವ ಗುರುತುಗಳು ಇರುವುದೇ ಆ ಜಾರುವಿಕೆಯಲ್ಲಿ.

ಧ್ವನಿಮಟ್ಟದ ವಿಚಾರವನ್ನು ಚಿಕ್ಕದಾಗಿ ಹೇಳುತ್ತೇನೆ. ಪಕ್ಕದ ಹಾಡಿಗಿಂತ ನಮ್ಮದು ಜೋರಾಗಿ ಕೇಳಿಸಲಿ ಎಂಬ ಪೈಪೋಟಿಯಲ್ಲಿ, ಸಿ.ಡಿ. ಬಂದ ಮೇಲೆ, ಮುಖ್ಯವಾಗಿ ತೊಂಬತ್ತರ ದಶಕದಿಂದ, ಮೆಲುದನಿಯನ್ನೂ ಜೋರುದನಿಯನ್ನೂ ಒಂದೇ ಮಟ್ಟಕ್ಕೆ ಒತ್ತಿಬಿಟ್ಟರು. ಅಂಥ ಹಾಡು ನಾಲ್ಕು ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಈಗ ಸ್ಪಾಟಿಫೈನಂಥ ಸೇವೆಗಳು ಎಲ್ಲ ಹಾಡನ್ನೂ ಸುಮಾರು −14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರೆನಿಸುತ್ತದೆ ಎಂಬುದರ ಅಳತೆ) ಮಟ್ಟಕ್ಕೆ ತಂದು ಕೇಳಿಸುವುದರಿಂದ ಜೋರು ಮಾಡಿದವರಿಗೆ ಮೊದಲಿನ ಲಾಭವಿಲ್ಲ. ರೂಢಿ ಮಾತ್ರ ಪೂರ್ತಿ ಹೋಗಿಲ್ಲ.

ಗಿಡ್ಡ ಹಾಡು ಹೊಸ ರೋಗ ಎಂಬುದು ತಪ್ಪು ಕಲ್ಪನೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದೇ ಮೂರು ನಿಮಿಷದ ಆಸುಪಾಸು. 1902ರಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ವಿಸ್ತಾರವಾಗಿ ಹಾಡುವ ರಾಗವನ್ನು ಅಷ್ಟರೊಳಗೆ ಮುಗಿಸಿ ಕೊನೆಗೆ ತಮ್ಮ ಹೆಸರನ್ನೂ ಹೇಳುವಷ್ಟು ಬಿಗಿಯಾಗಿ ಅದನ್ನು ಕಟ್ಟಿದ್ದರು. ಮೂರು ನಿಮಿಷದ ಜನಪ್ರಿಯ ಹಾಡು ಹುಟ್ಟಿದ್ದು ಆ ತಟ್ಟೆಯ ಅಳತೆಯಿಂದ. 1948ರಲ್ಲಿ ಹೆಚ್ಚು ಹೊತ್ತು ಓಡುವ ಎಲ್.ಪಿ. ತಟ್ಟೆ ಬಂತು, 1982ರಲ್ಲಿ ಸಿ.ಡಿ. ಬಂತು, ಜಾಗ ಧಾರಾಳವಾಯಿತು. ಅಮೆರಿಕದ ಪಟ್ಟಿಯಲ್ಲಿ ಹಾಡಿನ ಸರಾಸರಿ ಉದ್ದ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ನಾಲ್ಕು ನಿಮಿಷ ದಾಟಿತ್ತು. 2020ರ ಹೊತ್ತಿಗೆ ಮತ್ತೆ ಮೂರರ ಹತ್ತಿರ ಬಂದಿದೆ. ನಿಮ್ಮ ಯೌವನ ಹಾಡು ಅತ್ಯಂತ ಉದ್ದವಿದ್ದ ಕಾಲಕ್ಕೆ ಸರಿಯಾಗಿ ಕೂತಿದೆ. ಹಾಗಾಗಿ ಅದೇ ಸಹಜ ಉದ್ದ ಎಂದು ನಿಮಗೆ ಅನಿಸುತ್ತದೆ.

ಪೀಠಿಕೆ ಕರಗಿದ್ದು ಮಾತ್ರ ನಿಜವಾಗಿಯೂ ಹೊಸದು. ಅಮೆರಿಕದ ಮೊದಲ ಹತ್ತರೊಳಗೆ ಬಂದ ಹಾಡುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎಂಬತ್ತರ ದಶಕದ ಮಧ್ಯದಲ್ಲಿ ಗಾಯನ ಶುರುವಾಗುವ ಮುಂಚೆ ಸರಾಸರಿ 20 ಸೆಕೆಂಡಿಗೂ ಹೆಚ್ಚು ವಾದ್ಯ ಇರುತ್ತಿತ್ತು. 2015ರಲ್ಲಿ ಅದು ಸುಮಾರು 5 ಸೆಕೆಂಡ್. ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಮಾತ್ರ ಹಣಕ್ಕೆ ಅರ್ಹವಾದ ಒಂದು ಆಲಿಕೆ ಎಂದು ಲೆಕ್ಕ. ಕೇಳುಗ 29ನೇ ಸೆಕೆಂಡಿನಲ್ಲಿ ಎದ್ದುಹೋದರೆ ಏನೂ ಇಲ್ಲ. ಇದನ್ನು ತಿಳಿದ ನಿರ್ಮಾಪಕ "ಪೀಠಿಕೆ ತೆಗೆದುಬಿಡಿ" ಎನ್ನುತ್ತಾನೆ. ಎಲ್ಲ ತಪ್ಪನ್ನೂ ಸ್ಟ್ರೀಮಿಂಗ್ ಮೇಲೆ ಹೊರಿಸುವುದೂ ಸರಿಯಲ್ಲ, ಇಳಿಕೆ ಅದಕ್ಕಿಂತ ಮೊದಲೇ ಶುರುವಾಗಿತ್ತು. ರಿಮೋಟ್ ಮತ್ತು ಸಿ.ಡಿ. ಪ್ಲೇಯರಿನ "ಮುಂದೆ" ಗುಂಡಿ ನಮ್ಮ ತಾಳ್ಮೆಯನ್ನು ಅಷ್ಟರಲ್ಲೇ ಕಡಿಮೆ ಮಾಡಿದ್ದವು.

ಇದರಿಂದ ಇನ್ನೊಂದು ಮಾತಿಗೆ ಬರಬೇಕು: ಎಣಿಸುವ ವಿಧಾನ ಬದಲಾದರೆ ಹಾಡೂ ಬದಲಾಗುತ್ತದೆ. ಹಾಟ್ 100 ಪಟ್ಟಿ ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ದಶಕಗಳ ಕಾಲ ಯಾವ ಹಾಡು ಎಷ್ಟು ಮಾರಾಟವಾಯಿತು ಎಂಬುದು ಅಂಗಡಿಯವರು ಕೊಟ್ಟ ವರದಿಯನ್ನು ಅವಲಂಬಿಸಿತ್ತು. 1991ರಲ್ಲಿ ಬಾರ್‌ಕೋಡ್ ಓದಿ ನಿಜವಾದ ಮಾರಾಟ ಎಣಿಸುವ ಪದ್ಧತಿ ಬಂದದ್ದೇ ತಡ, ರ‍್ಯಾಪ್ ಮತ್ತು ಕಂಟ್ರಿ ಆಲ್ಬಮ್ಮುಗಳು ಪಟ್ಟಿಯ ಮೇಲ್ಭಾಗಕ್ಕೆ ಹಾರಿದವು. ಜನ ಮೊದಲಿನಿಂದಲೂ ಅವನ್ನು ಕೊಳ್ಳುತ್ತಿದ್ದರು, ವರದಿಗೆ ಬೀಳುತ್ತಿರಲಿಲ್ಲ. ಲಂಡನ್ನಿನ ಸಂಶೋಧಕರಿಗೆ ಕಂಡ ಅತಿ ದೊಡ್ಡ ಜಿಗಿತವೂ 1991ರದೇ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಸಂಗೀತವೂ ಬದಲಾಯಿತು, ಅದನ್ನು ನೋಡುವ ಕನ್ನಡಿಯೂ ಬದಲಾಯಿತು. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. 2013ರಲ್ಲಿ ಯೂಟ್ಯೂಬ್ ವೀಕ್ಷಣೆಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡರು. ಆಗ ಒಮ್ಮೆ ಕೊಂಡುಕೊಳ್ಳುವ ಹಾಡಿಗಿಂತ ನೂರು ಸಲ ಕೇಳುವ ಹಾಡಿಗೆ ಬಲ ಬಂತು. ಗಿಡ್ಡ ಹಾಡನ್ನು ಮತ್ತೆ ಮತ್ತೆ ಕೇಳುವುದು ಸುಲಭ.

ವರ್ಷದಿಂದ ವರ್ಷಕ್ಕೆ ಆಗುವ ಸಣ್ಣ ಬದಲಾವಣೆ ಇನ್ನೂ ಹತ್ತಿರದ ಕಾರಣದಿಂದ ಬರುತ್ತದೆ. ಸ್ಟುಡಿಯೋಗೆ ಬರುವವರು ಒಂದು ಹಾಡನ್ನು ಕೇಳಿಸಿ "ಈ ಥರ ಇರಲಿ, ಆದರೆ ಇದೇ ಅನ್ನಿಸಬಾರದು" ಎನ್ನುತ್ತಾರೆ. ನಾವು ರೆಫರೆನ್ಸ್ ಎನ್ನುವುದು ಇದನ್ನೇ. ಆ ಹಾಡು ಬಂದು ಹಲವು ತಿಂಗಳಾಗಿರುತ್ತದೆ, ನಮ್ಮದು ಹೊರಬರುವಾಗ ಇನ್ನಷ್ಟು ತಿಂಗಳು ಕಳೆದಿರುತ್ತವೆ. ಹೀಗೆ ಈ ವರ್ಷದ ಹಾಡು ಹಿಂದಿನ ವರ್ಷದ ಗೆಲುವಿನ ನೆರಳಿನಲ್ಲಿ ತಯಾರಾಗುತ್ತದೆ. ಆ ಬೇಡಿಕೆಯಲ್ಲಿ ಅರ್ಥವಿಲ್ಲವೆಂದೂ ಹೇಳಲಾರೆ. 1958ರಿಂದ 2016ರವರೆಗಿನ ಹಾಟ್ 100 ಹಾಡುಗಳ ಮೇಲೆ 2017ರಲ್ಲಿ ಬಂದ ಒಂದು ಸಮಾಜಶಾಸ್ತ್ರೀಯ ಅಧ್ಯಯನದಲ್ಲೂ ಪಟ್ಟಿಯ ಮೇಲಕ್ಕೇರಿದವು ಆಗಿನ ಉಳಿದ ಹಾಡುಗಳಿಗಿಂತ ತುಸು ಭಿನ್ನವಾದವು, ತೀರಾ ಭಿನ್ನವಾದವಲ್ಲ. ಅಷ್ಟಿಷ್ಟು ಸರಿಯುತ್ತ ಸರಿಯುತ್ತ ಐದಾರು ವರ್ಷದಲ್ಲಿ ಎಲ್ಲ ಬೇರೆಯಾಗಿರುತ್ತದೆ. ಒಂದು ವರ್ಷದ ಅಂತರದಲ್ಲಿ ಮಾತ್ರ ಎಲ್ಲವೂ ಅಕ್ಕಪಕ್ಕದ ಮನೆಯವರಂತೆಯೇ ಕೇಳಿಸುತ್ತದೆ.

ಅವುಗಳಲ್ಲಿ ಯಾವುದು ಗೆಲ್ಲುತ್ತದೆ ಎಂಬುದರಲ್ಲಿ ಅದೃಷ್ಟದ ಪಾಲೂ ದೊಡ್ಡದು. 2006ರಲ್ಲಿ ಅಮೆರಿಕದ ಸಂಶೋಧಕರು ಯಾರಿಗೂ ಗೊತ್ತಿಲ್ಲದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರಿಗೆ ಕೇಳಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಹಾಡುಗಳಷ್ಟೇ ಕಾಣುತ್ತಿದ್ದವು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪುಗಳಾಗಿ ಹಂಚಿ, ತಮ್ಮ ಗುಂಪಿನವರು ಯಾವುದನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿಕೊಂಡರು ಎಂಬುದನ್ನೂ ತೋರಿಸಿದರು. ಅತ್ಯುತ್ತಮ ಹಾಡುಗಳು ತೀರಾ ಕೆಳಗೆ ಬಿದ್ದದ್ದು ಅಪರೂಪ, ತೀರಾ ಕಳಪೆಯವು ಮೇಲೇರಿದ್ದೂ ಅಪರೂಪ. ಅವೆರಡರ ನಡುವಿನ ಹಾಡುಗಳು ಒಂದು ಗುಂಪಿನಲ್ಲಿ ಎಲ್ಲೋ, ಇನ್ನೊಂದರಲ್ಲಿ ಇನ್ನೆಲ್ಲೋ. ನಿಮ್ಮ ಕಣ್ಣಿಗೆ ಬೀಳುವ "ಈ ವರ್ಷದ ಹಾಡುಗಳು" ಈ ವರ್ಷ ಸಾಧ್ಯವಿದ್ದ ಹಲವು ಪಟ್ಟಿಗಳಲ್ಲಿ ಒಂದು ಮಾತ್ರ. ಕೆಳಗುಳಿದ ರಾಶಿಯೂ ಹಿಂದಿಗಿಂತ ಬಹಳ ದೊಡ್ಡದು. ಈಚಿನ ವರ್ಷಗಳಲ್ಲಿ ದಿನಕ್ಕೆ ಲಕ್ಷದ ಆಸುಪಾಸಿನಲ್ಲಿ ಹೊಸ ಧ್ವನಿಮುದ್ರಿಕೆಗಳು ಸ್ಟ್ರೀಮಿಂಗ್ ಸೇವೆಗಳಿಗೆ ಸೇರುತ್ತಿವೆ. ಇಷ್ಟಾದರೂ ಅಮೆರಿಕದಲ್ಲಿ ಜನ ಕೇಳುವುದರಲ್ಲಿ ಮುಕ್ಕಾಲರ ಹತ್ತಿರ ಪಾಲು 18 ತಿಂಗಳಿಗಿಂತ ಹಳೆಯ ಹಾಡುಗಳದು. 1985ರಲ್ಲಿ ಬಂದ ಬ್ರಿಟಿಷ್ ಗಾಯಕಿ ಕೇಟ್ ಬುಷ್ ಅವರ ಹಾಡೊಂದು ಒಂದು ಟಿ.ವಿ. ಸರಣಿಯಲ್ಲಿ ಬಳಕೆಯಾಗಿ 2022ರ ಜೂನ್‌ನಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಅದು ಯಾವ ವರ್ಷದ ಹಾಡು?

ಈಗ ನಿಮ್ಮ ಕಿವಿಯ ಕಡೆಗೆ. ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕಂಡದ್ದು, ಕೇಳಿದ್ದು ಜೀವನವಿಡೀ ಹೆಚ್ಚು ಗಟ್ಟಿಯಾಗಿ ನೆನಪಿರುತ್ತದೆ, ಹಾಡುಗಳ ವಿಷಯದಲ್ಲಂತೂ ಇದು ಎದ್ದು ಕಾಣುತ್ತದೆ. ಮೊದಲ ಗೆಳೆತನ, ಮೊದಲ ಸೋಲು, ಮನೆ ಬಿಟ್ಟು ಹೊರಟ ದಿನ, ಎಲ್ಲಕ್ಕೂ ಒಂದೊಂದು ಹಾಡು ಅಂಟಿಕೊಂಡಿರುತ್ತದೆ. ಇದರ ಜತೆಗೆ, ಮತ್ತೆ ಮತ್ತೆ ಎದುರಾದದ್ದು ಹಿಡಿಸತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯಾನ್ಸ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಕ್ಯಾಸೆಟ್ ಇದ್ದಾಗ ಒಂದು ಬದಿಯನ್ನು ಪೂರ್ತಿ ಕೇಳುತ್ತಿದ್ದಿರಿ, ಹಿಡಿಸದ ಹಾಡೂ ಇಪ್ಪತ್ತು ಸಲ ಕಿವಿಗೆ ಬೀಳುತ್ತಿತ್ತು. ಎಂಟನೆಯ ಸಲಕ್ಕೋ ಹತ್ತನೆಯ ಸಲಕ್ಕೋ ಅದು ನಿಮ್ಮದಾಗುತ್ತಿತ್ತು. ಈಗ ಹೊಸ ಹಾಡಿಗೆ ನೀವು ಎಷ್ಟು ಅವಕಾಶ ಕೊಡುತ್ತಿದ್ದೀರಿ? ನಾನು ಮಾತಾಡಿಸಿದ ನಿಮ್ಮ ವಯಸ್ಸಿನ ಕೇಳುಗರಲ್ಲಿ ಹೆಚ್ಚಿನವರ ಉತ್ತರ "ಅರ್ಧ ಸಲ".

ಮಗಳು ನಿಮ್ಮ ಹಾಡು ಗುನುಗುವುದು ವಿಚಿತ್ರವೇನಲ್ಲ. 2013ರಲ್ಲಿ ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹಲವು ದಶಕಗಳ ಹಾಡು ಕೇಳಿಸಿದಾಗ, ತಮ್ಮ ತಂದೆತಾಯಿ ಹರೆಯದಲ್ಲಿದ್ದ ಕಾಲದ ಹಾಡುಗಳ ಬಗ್ಗೆಯೂ ಅವರಲ್ಲಿ ವಿಶೇಷ ಒಲವು ಕಂಡಿತು. ಅಜ್ಜ ಅಜ್ಜಿಯರ ಕಾಲದ್ದಕ್ಕೂ ಸ್ವಲ್ಪ. ಮನೆಯಲ್ಲಿ ಕೇಳಿ ಬೆಳೆದದ್ದು ಹಾಗೇ ಇಳಿದು ಬರುತ್ತದೆ.

ಸಾಹಿತ್ಯ ತಿಳಿಯುವುದಿಲ್ಲ ಎಂದಿರಿ. ಈ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚು ಕಂಪನಾಂಕದ ನಾದ. ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಹೆಚ್ಚಾಗಿ ಅಲ್ಲಿರುತ್ತದೆ. ಅ, ಆ, ಒ ಇವುಗಳ ಬಲ ಕೆಳಗಿನ ಕಂಪನಾಂಕಗಳಲ್ಲಿ. ಹಾಗಾಗಿ ಯಾರೋ ಹಾಡುತ್ತಿದ್ದಾರೆ ಎಂಬುದು ಚೆನ್ನಾಗಿ ಕೇಳಿಸುತ್ತದೆ, ಏನು ಹಾಡಿದರು ಎಂಬುದು ಜಾರಿಹೋಗುತ್ತದೆ. ಇವತ್ತಿನ ಮಿಕ್ಸಿಂಗ್‌ನಲ್ಲಿ ಬಾಸ್ ದಟ್ಟವಾಗಿರುವುದೂ ಸೇರುತ್ತದೆ, ಕೆಳಗಿನ ನಾದ ಜೋರಾದರೆ ಮೇಲಿನದನ್ನು ಮರೆಮಾಡುತ್ತದೆ. ಹಳೆಯ ಹಾಡಿನಲ್ಲಿ ಎಲ್ಲ ಸ್ಪಷ್ಟವಿದೆಯಲ್ಲ ಎನ್ನಬಹುದು. ಅದರ ಸಾಹಿತ್ಯ ನಿಮಗೆ ಬಾಯಿಪಾಠ, ಕಿವಿ ಬಿಟ್ಟದ್ದನ್ನು ನೆನಪು ತುಂಬಿಕೊಡುತ್ತದೆ. ಆದ್ದರಿಂದ 1988ರ ಪಟ್ಟಿಯಲ್ಲಿ ನೀವು ಎಂದೂ ಕೇಳಿರದ ಹಾಡನ್ನು ಹಾಕಿ ನೋಡಿ. ಅದರಲ್ಲೂ ಮಾತು ತಪ್ಪುತ್ತಿದ್ದರೆ, ಅಥವಾ ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಹಿಂದೆ ಬೀಳುತ್ತಿದ್ದರೆ, ಶ್ರವಣ ತಜ್ಞರಲ್ಲಿ ಒಂದು ಆಡಿಯೋಮೆಟ್ರಿ, ಅಂದರೆ ಕಿವಿಗೆ ಯಾವ ನಾದ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ನೋವಿಲ್ಲದ ಪರೀಕ್ಷೆ. ಮಾಡಿಸದೆ ವಾಲ್ಯೂಮ್ ಏರಿಸುತ್ತ ಹೋಗುವುದು ಮಾತ್ರ ಬೇಡ, ಉಳಿದದ್ದೂ ಹೋಗುತ್ತದೆ.

ಇನ್ನು ಪಟ್ಟಿ. ಹೊಸದನ್ನು ಹುಡುಕುವ ಕೆಲಸವನ್ನು ಆ್ಯಪಿಗೆ ಬಿಡುವುದು ಸುಲಭದ ದಾರಿ. ಆದರೆ ನೀವು ಏನು ಕೇಳಿದಿರೋ ಅದರ ನೆರೆಯದನ್ನೇ ಅದು ತಂದುಕೊಡುತ್ತದೆ. ನೀವು ಹಳೆಯದನ್ನೇ ಹೆಚ್ಚು ಕೇಳುವವರಾದರೆ ಹೊಸ ವರ್ಷದ ಹೆಸರಿನಲ್ಲಿ ಹಳೆಯದರ ನಕಲುಗಳು ಬಂದು, "ಎಲ್ಲ ಒಂದೇ ಥರ" ಎಂಬ ದೂರು ಇನ್ನೂ ಬಲವಾಗುತ್ತದೆ. ಅದನ್ನೇ ಮಾಡುವುದಾದರೆ ನಿಮ್ಮ ಖಾತೆಯಿಂದ ಬೇಡ, ಹೊಸ ಖಾತೆಯೊಂದರಿಂದ ಶುರು ಮಾಡಿ.

ಮಗಳ ಪಟ್ಟಿಯನ್ನು ಎರವಲು ಪಡೆಯುವುದು ನನಗೆ ಹೆಚ್ಚು ಇಷ್ಟದ ದಾರಿ. ಮೂರೇ ಹಾಡು ಆರಿಸಿಕೊಡಲು ಕೇಳಿ, ಎರಡು ವಾರ ಬೇರೆ ಹೊಸದನ್ನು ಮುಟ್ಟದೆ ಅವನ್ನೇ ಹತ್ತು ಹದಿನೈದು ಸಲ ಕೇಳಿ. ಮೊದಲ ಸಲ ರಾಗ ಹುಡುಕಬೇಡಿ. ಇವತ್ತಿನ ಎಷ್ಟೋ ಹಾಡುಗಳಲ್ಲಿ ಕುಸುರಿ ಇರುವುದು ರಾಗದ ಓಟಕ್ಕಿಂತ ಹೆಚ್ಚಾಗಿ ತಾಳದ ಒಳಪದರಗಳಲ್ಲಿ, ದನಿಯನ್ನು ಕಿವಿಯ ಪಕ್ಕಕ್ಕೆ ತಂದಿಟ್ಟ ರೀತಿಯಲ್ಲಿ, ಸದ್ದು ಥಟ್ಟನೆ ಇಲ್ಲವಾಗುವ ಜಾಗಗಳಲ್ಲಿ. ಅಲ್ಲಿ ಕಿವಿ ಇಟ್ಟರೆ ನಿಮ್ಮಂಥ ಹಳೆಯ ಕೇಳುಗರಿಗೆ ಬೇಗ ಸಿಗುತ್ತದೆ. ಇದರಲ್ಲಿ ಅಪಾಯವೂ ಇದೆ. ಪರೀಕ್ಷಕರ ಹಾಗೆ ಅಂಕ ಕೊಡತೊಡಗಿದರೆ ಅವಳು ಎರಡನೇ ಸಲ ಪಟ್ಟಿ ಕೊಡುವುದಿಲ್ಲ. ಹಿಡಿಸದ್ದನ್ನು ಹಿಡಿಸಿತು ಎಂದು ನಟಿಸಿದರೂ ಆ ವಯಸ್ಸಿನ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಹಿಡಿಸಲಿಲ್ಲ ಎನ್ನಿ, ಯಾವ ಜಾಗದಲ್ಲಿ ಎಂದೂ ಹೇಳಿ.

ಪಟ್ಟಿಯ ನಿಯಮವನ್ನೇ ಸಡಿಲಿಸಬಹುದು. "ಈ ವರ್ಷ ಬಂದದ್ದು" ಎನ್ನುವ ಬದಲು "ಈ ವರ್ಷ ನಾನು ಮೊದಲ ಸಲ ಕೇಳಿದ್ದು" ಎಂದುಕೊಂಡರೆ ಯಾವ ಭಾಷೆಯದು, ಯಾವ ದಶಕದ್ದು ಬೇಕಾದರೂ ಸೇರುತ್ತದೆ, ಹತ್ತು ತುಂಬುವುದು ಕಷ್ಟವಾಗುವುದಿಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷದ ಆ ಸಾಲಿನಲ್ಲಿ ಇರುವ ದೊಡ್ಡ ಬೆಲೆ, ಪ್ರತಿ ವರ್ಷ ಹೇಗೆ ಕೇಳಿಸುತ್ತಿತ್ತು ಎಂಬ ದಾಖಲೆ, ಅಲ್ಲಿಗೆ ತುಂಡಾಗುತ್ತದೆ. ನಾನಾದರೆ ನಿಯಮ ಹಾಗೇ ಇಟ್ಟು ಗಡುವನ್ನು ಮುಂದೂಡುತ್ತಿದ್ದೆ. ಒಂದು ವರ್ಷದ ಪಟ್ಟಿಯನ್ನು ಎರಡು ವರ್ಷ ಕಳೆದ ಮೇಲೆ ಮುಗಿಸಿ. ಅಷ್ಟರಲ್ಲಿ ಗದ್ದಲ ಇಳಿದಿರುತ್ತದೆ, ತಡವಾಗಿ ಕಿವಿಗೆ ಬಿದ್ದ ಒಳ್ಳೆಯದೂ ಸೇರುತ್ತದೆ. ನಾಲ್ಕೇ ಸಿಕ್ಕರೆ ನಾಲ್ಕನ್ನೇ ಬರೆದಿಡಿ, ಹತ್ತು ಮಾಡಲು ಮನಸ್ಸಿಗೆ ಬಾರದ್ದನ್ನು ತುಂಬಬೇಡಿ. ಪೂರ್ತಿ ನಿಲ್ಲಿಸಿದರೆ ತಪ್ಪೇನೂ ಇಲ್ಲ, ಹೊಸದು ಕೇಳಲೇಬೇಕೆಂಬ ಹೊಣೆ ಯಾರ ಮೇಲೂ ಇಲ್ಲ. ಹುಡುಕುವ ಅಭ್ಯಾಸ ಮಾತ್ರ ಒಮ್ಮೆ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನಿಸಿ.

ಕೊನೆಗೆ ಮಗಳ ಇಯರ್‌ಫೋನ್. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳುವುದು ಸುರಕ್ಷಿತ ಮಿತಿ. ಮಟ್ಟ 3 ಡೆಸಿಬೆಲ್ ಏರಿದರೆ ಸುರಕ್ಷಿತ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ ವಾಲ್ಯೂಮ್ ಸ್ವಲ್ಪ ತಗ್ಗಿಸಿದರೂ ಗಂಟೆಗಳ ಲೆಕ್ಕದಲ್ಲಿ ದೊಡ್ಡ ಲಾಭ. ಈಗಿನ ಹಲವು ಫೋನುಗಳಲ್ಲಿ ಗರಿಷ್ಠ ಮಟ್ಟ ನಿಗದಿ ಮಾಡುವ, ವಾರದ ಆಲಿಕೆಯನ್ನು ತೋರಿಸುವ ಸೌಲಭ್ಯವಿದೆ, ಇಬ್ಬರೂ ಕೂತು ಎರಡೂ ಫೋನುಗಳಲ್ಲಿ ಹಾಕಿಕೊಳ್ಳಿ. ಹೊರಗಿನ ಗದ್ದಲ ತಡೆಯುವ ಹೆಡ್‌ಫೋನ್ ಇದ್ದರೆ ಕಡಿಮೆ ವಾಲ್ಯೂಮ್ ಸಾಕಾಗುತ್ತದೆ, ರಸ್ತೆಯಲ್ಲಿ ನಡೆಯುವಾಗ ಮಾತ್ರ ಅದು ಬೇಡ. ಕೇಳಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಮಟ್ಟ ಮಿತಿ ಮೀರಿತ್ತು ಎಂದರ್ಥ. ಮರುದಿನವೂ ಅದು ಉಳಿದರೆ ಕಾಯದೆ ಕಿವಿಯ ವೈದ್ಯರಿಗೆ ತೋರಿಸಿ.